ಚಂದ್ರನಿಗೆ ಹೋದ ಎಳೆ

ನಮ್ಮ ದೊಡ್ಡಮ್ಮನ ಕೆಲಸ ಕಣ್ಣಿಗೆ ಬಿತ್ತೆಂದರೆ ಅದು ಕೆಟ್ಟಿದೆ ಎಂದೇ ಅರ್ಥ. ಅವಳು ರಫು ಮಾಡುವವಳು. ಕೋಟಿಗೆ ಸಿಗರೇಟಿನ ಕಿಡಿ ಬಿದ್ದರೆ, ಪ್ಯಾಂಟು ಮೊಳೆಗೆ ಸಿಕ್ಕಿ ಹರಿದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಉದ್ದಕ್ಕೊಂದು ಅಡ್ಡಕ್ಕೊಂದು ಹೆಣೆದು, ಅಲ್ಲಿ ತೂತೇ ಇರಲಿಲ್ಲ ಎನ್ನುವ ಹಾಗೆ ಮಾಡಿಬಿಡುತ್ತಾಳೆ. ಗಿರಾಕಿಗಳು ಬಟ್ಟೆಯನ್ನು ಬೆಳಕಿಗೆ ಹಿಡಿದು ಹುಡುಕುತ್ತಾರೆ. ಎಲ್ಲಿತ್ತೆಂದು ಗೊತ್ತಾಗದೆ, ಮಾಡದ ಕೆಲಸಕ್ಕೆ ದುಡ್ಡು ಕೇಳುತ್ತಿದ್ದಾರೆ ಎಂಬಂತೆ ಮುಖ ಮಾಡುತ್ತಾರೆ. ಅವಳಿಗೆ ಸಿಗುವ ಮರ್ಯಾದೆ ಅದೊಂದೇ.

ಮೂಲೆಯ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಕೂರುತ್ತಾಳೆ. ಮುಂದೆ ಕೌಂಟರು, ನಂಬರಿನ ಚೀಟಿ ಚುಚ್ಚಿದ ಕೋಟುಗಳ ಸಾಲು. ಹಿಂದೆ ಇಸ್ತ್ರಿಯವಳ ಉದ್ದನೆಯ ಮೇಜು, ಉಗಿ, ಮೂಗಿಗೆ ಅಂಟುವ ಒಂದು ಔಷಧಿ ವಾಸನೆ. ಕಿಟಕಿಯ ಪಕ್ಕ ದೊಡ್ಡಮ್ಮನ ಕುರ್ಚಿ. ಅದರ ಕಾಲುಗಳನ್ನು ಸ್ವಲ್ಪ ಕೊಯ್ಯಿಸಿದ್ದಾರೆ, ಇಲ್ಲದಿದ್ದರೆ ಅವಳ ಪಾದ ನೆಲಕ್ಕೆ ಮುಟ್ಟುವುದಿಲ್ಲ. ಕಾಲುಚೀಲ ರಫು ಮಾಡುವಾಗ ಅದರೊಳಗೆ ಇಟ್ಟುಕೊಳ್ಳಲು ಉರಿದುಹೋದ ಒಂದು ಬಲ್ಬು, ಒಂದು ಭೂತಗನ್ನಡಿ, ಸೂಜಿಗಳು. ಬಿಡಿಸಿದ ಎಳೆಗಳಿಗೆ ಮಾತ್ರ ಡಬ್ಬಿ ಇಲ್ಲ. ಅವನ್ನು ಎಡ ಹೆಗಲ ಮೇಲೆ ಹಾಕಿಕೊಂಡು, ಒಂದೊಂದೇ ಎತ್ತಿ ಪೋಣಿಸುತ್ತಾಳೆ. ಮೇಜಿನ ಮೇಲಿಟ್ಟರೆ ಯಾರಾದರೂ ಆಕಳಿಸಿದರೂ ಹಾರಿಹೋಗುತ್ತವಂತೆ.

ಈ ವಿದ್ಯೆಯನ್ನು ಯಾರೂ ಕಲಿಸಿದ್ದಲ್ಲ. ಮದುವೆಯಾದ ಹೊಸತರಲ್ಲಿ ದೊಡ್ಡಪ್ಪನ ಇದ್ದೊಂದು ಒಳ್ಳೆಯ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತಳು. ಗಂಡ ಬರುವುದರೊಳಗೆ ಮುಚ್ಚಿಹಾಕಬೇಕೆಂದು ಕೂತಳು, ಮುಚ್ಚಿಹಾಕಿದಳು. ದೊಡ್ಡಪ್ಪನಿಗೆ ಸಾಯುವವರೆಗೂ ಗೊತ್ತಾಗಲಿಲ್ಲ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಾಳೆ. ಗೊತ್ತಿತ್ತು, ಹೇಳಲಿಲ್ಲ ಎಂದು ದೊಡ್ಡಪ್ಪ ನನಗೆ ಹೇಳಿದ್ದರು. ನಾನೂ ಹೇಳಿಲ್ಲ.

ಅವಳ ಬಳಿ ಎರಡು ಕಾನೂನುಗಳಿವೆ. ದೀಪದ ಬೆಳಕಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ, ಆದ್ದರಿಂದ ಸಂಜೆಯಾದ ಮೇಲೆ ಸೂಜಿ ಮುಟ್ಟುವುದಿಲ್ಲ. ಒಬ್ಬರ ಬಟ್ಟೆಗೆ ಇನ್ನೊಬ್ಬರ ಬಟ್ಟೆಯ ಎಳೆ ಹಾಕುವುದಿಲ್ಲ. ತೂತು ನೋಡಿ ಮನೆಯ ವಿಷಯ ಹೇಳುವುದೂ ಅವಳಿಗೆ ಗೊತ್ತು. "ಹುಳ ತಿಂದಿದ್ದು ದುಂಡಗಿರುತ್ತೆ. ಮೊಳೆಗೆ ಸಿಕ್ಕಿದ್ದು ಮೂಲೆ ತಿರುಗಿರುತ್ತೆ. ಜಗಳದಲ್ಲಿ ಹರಿದಿದ್ದು ನೆಟ್ಟಗೆ ಉದ್ದಕ್ಕಿರುತ್ತೆ. ಆದ್ರೆ ಎಲ್ರೂ ಮೊಳೆ ಮೇಲೇ ಹಾಕೋದು ತಪ್ಪನ್ನ," ಎನ್ನುತ್ತಾಳೆ.

ಇಷ್ಟು ಹರಿದದ್ದನ್ನೆಲ್ಲ ಕೂಡಿಸುವವಳು ತನ್ನ ಒಡಹುಟ್ಟಿದ ತಂಗಿಯ ಜೊತೆ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದಳು. ಆ ತಂಗಿ ನನ್ನ ಅಮ್ಮ.

ಮೊದಲು ಚಂದ್ರನ ವಿಷಯ ಹೇಳಬೇಕು. ಅಮಾವಾಸ್ಯೆ ಕಳೆದು ಮೊದಲ ಚಂದ್ರ ಕಾಣುವ ಸಂಜೆಗೆ ನಮ್ಮಲ್ಲಿ ಒಂದು ನೇಮವಿದೆ, ಅಜ್ಜಿಯಿಂದ ಬಂದದ್ದು. ಅವತ್ತು ಬೆಳಗಿನಿಂದ ಏನೂ ತಿನ್ನುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ, ಕತ್ತರಿಸಿ ಬಿಸಾಡಿದ ಉಗುರಿನಷ್ಟು ಚಂದ್ರ ಸ್ವಲ್ಪ ಹೊತ್ತು ನಿಂತು, ತಾನೂ ಇಳಿದುಹೋಗುತ್ತಾನೆ. ಅಷ್ಟರೊಳಗೆ ಅವನನ್ನು ನೋಡಿ ಕೈಮುಗಿಯಬೇಕು. ಹೊದ್ದ ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು ಅವನತ್ತ ಊದಿ, "ನೂಲು ನಿನಗೆ, ಬಟ್ಟೆ ನಮಗೆ" ಎನ್ನಬೇಕು. ಚಂದ್ರನಿಂದ ಕಣ್ಣು ತೆಗೆದ ಮೇಲೆ ಮೊದಲು ನೋಡುವುದು ಬೇಕಾದವರ ಮುಖವನ್ನು. ಆಮೇಲೆ ಊಟ. ಮೋಡ ಕವಿದರೆ ಮರುದಿನ ನೋಡಬೇಕು, ಅಲ್ಲಿಯವರೆಗೆ ಹಾಲು ಕುಡಿಯಬಹುದೆಂದು ಅಜ್ಜಿಯೇ ಒಂದು ತಿದ್ದುಪಡಿ ತಂದಿದ್ದಳು.

ಅಜ್ಜಿ ಹೋದ ಮೇಲೆ ಉಳಿದದ್ದು ಅವಳ ಒಂದು ಶಾಲು. ಬೂದುಬಣ್ಣದಲ್ಲಿ ನೀಲಿ ಸೇರಿದ ಉಣ್ಣೆಯ ಶಾಲು. ಪಾತ್ರೆ, ಮಂಚ, ಕನ್ನಡಿಗಳಿಗೆ ಯಾರೂ ಜಗಳವಾಡಲಿಲ್ಲ. ನಿನಗಿರಲಿ, ನಿನಗಿರಲಿ ಎಂದು ಒಬ್ಬರ ಮನೆಗೆ ಇನ್ನೊಬ್ಬರು ಹೊತ್ತುಹಾಕಿದರು. ಶಾಲಿನ ವಿಷಯ ಬಂದಾಗ ಮಾತ್ರ ಇಬ್ಬರೂ ಸುಮ್ಮನಾದರು. ತಿಂಗಳು ತಿಂಗಳೂ ಅಜ್ಜಿ ಚಂದ್ರನಿಗೆ ಎಳೆ ಕೊಟ್ಟದ್ದು ಅದರಿಂದಲೇ. ಕೊನೆಗೆ ಅಮ್ಮ "ಎರಡು ಮಾಡ್ಬಿಡು" ಎಂದು ಅಡುಗೆಮನೆಗೆ ಹೋದಳು. ದೊಡ್ಡಮ್ಮ ಮಡಚಿದಳು, ಮಡಿಕೆಯ ಮೇಲೆ ಉಗುರೆಳೆದಳು, ಕತ್ತರಿಸಿದಳು.

ನಾನು ಆಗ ಎರಡು ಜಡೆ ಹಾಕುವ ವಯಸ್ಸಿನವಳು, ಅಜ್ಜಿಯ ಮನೆಯ ಬಾಗಿಲಲ್ಲೇ ನಿಂತಿದ್ದೆ. ದೊಡ್ಡಮ್ಮ ಅಭ್ಯಾಸಬಲದಿಂದ ತನ್ನ ಪಾಲಿಗೆ ಮೊಣಕೈ ಊರಿ ಮೊಳ ಹಾಕಿ, "ಎರಡು ಮೊಳ, ನಾಲ್ಕು ಬೆರಳು" ಎಂದಳು. ಅಮ್ಮ ಕೈ ಒರೆಸಿಕೊಂಡು ಬಂದು ತನ್ನ ಪಾಲಿಗೆ ಮೊಳ ಹಾಕಿದಳು. ಎರಡು ಮೊಳ. ಇನ್ನೊಮ್ಮೆ ಹಾಕಿದಳು. ಎರಡೇ.

"ನಾಲ್ಕು ಬೆರಳು ನಿನ್ನ ಕಡೆಗೇ ಹೋಯ್ತಲ್ಲ ಅಕ್ಕಾ," ಎಂದಳು ಅಮ್ಮ.

ಕತ್ತರಿಯಿಂದಲೇ ಬದುಕುವವಳಿಗೆ ಕತ್ತರಿಯಲ್ಲಿ ಮೋಸ ಮಾಡಿದೆ ಎಂದ ಹಾಗಾಯಿತು. ದೊಡ್ಡಮ್ಮನ ಮುಖ ಕೆಂಪಾಯಿತು. "ನನ್ನ ಪಾಲಿಂದ ಇನ್ಮೇಲೆ ಒಂದು ಎಳೆನೂ ನಿನ್ನ ಕಡೆ ಬರಲ್ಲ," ಎಂದಳು. "ನಿನ್ನ ಎಳೆ ಯಾರಿಗೆ ಬೇಕು," ಎಂದಳು ಅಮ್ಮ. ಅಲ್ಲಿಗೆ ಮುಗಿಯಿತು.

ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ಬಾಯಿ ನೋಯುವಷ್ಟು ಸಲ. ಇಟ್ಟು ತೋರಿಸುವುದು ಅಕ್ಕನಿಗೆ ಅವಮಾನ, ಇಟ್ಟು ನೋಡುವುದು ತಂಗಿಗೆ ಅವಮಾನ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಒಂದೇ ಮನೆಯಲ್ಲಿ ಇಬ್ಬರು ಹುಟ್ಟಿದರೆ ಮೊಲ ಎಲ್ಲಿಗೆ ಹೋಗಬೇಕು? ದೊಡ್ಡಪ್ಪ ತೀರಿಕೊಂಡಾಗ ಅಮ್ಮ ದಿನವೂ ಅವರ ಮನೆಗೆ ಹೋಗಿ ಪಾತ್ರೆ ತೊಳೆದು, ಅಡುಗೆ ಮಾಡಿಟ್ಟು ಬಂದಳು. ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ಊಟ ಮಾಡು ಎಂಬುದನ್ನೂ ತಟ್ಟೆ ದೂಡಿ ಹೇಳಿದಳು. ನಾನು ಕೆಲಸ ಮಾಡುವ ಔಷಧಿ ಅಂಗಡಿ ದೊಡ್ಡಮ್ಮನ ಅಂಗಡಿಗೆ ಹತ್ತಿರ, ಮಧ್ಯಾಹ್ನ ಅವಳ ಡಬ್ಬಿಯಲ್ಲೇ ನನ್ನ ಊಟ. ಇದು ಅಮ್ಮನಿಗೆ ಗೊತ್ತು, ಆದರೆ ಗೊತ್ತಿಲ್ಲದ ಹಾಗಿರುತ್ತಾಳೆ. ಇಂಥವರ ಮಧ್ಯೆ ಬೆಳೆದ ನನಗೆ ತಲೆ ಸರಿಯಾಗಿ ಉಳಿದದ್ದೇ ದೊಡ್ಡದು.

ಚಂದ್ರನ ನೇಮವನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಅಮ್ಮ ನಮ್ಮ ಬಾಲ್ಕನಿಯಲ್ಲಿ ಪೆಟ್ಟಿಗೆಯಿಂದ ತನ್ನ ಅರ್ಧ ಶಾಲನ್ನು ತೆಗೆದು ಹೊದ್ದು, ಚಂದ್ರನನ್ನು ನೋಡಿ, ಆಮೇಲೆ ನನ್ನ ಮುಖ ನೋಡುತ್ತಾಳೆ. ದೊಡ್ಡಮ್ಮ ತನ್ನ ಅರ್ಧವನ್ನು ಹೊದ್ದು ಅಂಗಡಿಯ ತಾರಸಿ ಹತ್ತಿ, ಚಂದ್ರನನ್ನು ನೋಡಿ ಇಸ್ತ್ರಿಯವಳ ಮುಖ ನೋಡುತ್ತಾಳೆ. "ಬೇರೆ ಗತಿಯಿಲ್ಲ, ನಿನ್ನನ್ನೇ ನೋಡ್ಬೇಕು," ಎಂದು ಪ್ರತಿ ತಿಂಗಳೂ ಅವಳಿಗೆ ಹೇಳುತ್ತಾಳೆ. ಚಳಿಯ ಬೆಳಗುಗಳಲ್ಲೂ ಅದೇ ಶಾಲು ಹೊದ್ದು ಕಿಟಕಿಯಲ್ಲಿ ಕೂರುವುದರಿಂದ ಅವಳ ಪಾಲು ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಅಮ್ಮನ ಪಾಲು ಪೆಟ್ಟಿಗೆಯಲ್ಲೇ ಇದ್ದು ಬಣ್ಣ ಉಳಿಸಿಕೊಂಡಿತ್ತು.

ಆದರೆ ಪೆಟ್ಟಿಗೆಯಲ್ಲಿ ಹುಳ ಇರುತ್ತದೆ. ಒಂದು ಚಂದ್ರನ ಸಂಜೆ ಅಮ್ಮ ಶಾಲು ಬಿಚ್ಚಿದರೆ ನಡುವೆ ಅಂಗೈಯಷ್ಟು ಜಾಗ ಜಾಲರಿಯಾಗಿತ್ತು. ಅವತ್ತು ಅವಳು ಊಟಕ್ಕೆ ಕೂತು ಸುಮ್ಮನೆ ಅನ್ನ ಕಲಸುತ್ತಿದ್ದಳು. ಬೆಳಿಗ್ಗೆ ಶಾಲನ್ನು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು.

"ಆ ಮೂಲೆ ಅಂಗಡಿಗೆ ಕೊಡು. ಮುಂದಿನ ಚಂದ್ರನಿಗೆ ಬೇಕು ಅನ್ನು. ಯಾರದು ಅಂತ ಹೇಳ್ಬೇಡ."

"ನೋಡಿದ ತಕ್ಷಣ ಗೊತ್ತಾಗಲ್ವಾ ಅವಳಿಗೆ?"

"ಗೊತ್ತಾದ್ರೆ ಆಗ್ಲಿ. ನಾವು ಹೇಳಿದ ಹಾಗಾಗ್ಬಾರ್ದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೂ ಕವರನ್ನು ಎರಡೂ ಕೈಯಲ್ಲಿ ಹಿಡಿದೇ ಹೊರಟೆ. ಇಪ್ಪತ್ತು ವರ್ಷದಲ್ಲಿ ಅಮ್ಮ ಆ ಕಡೆಗೆ ಏನನ್ನಾದರೂ ಕಳಿಸಿದ್ದು ಅದೇ ಮೊದಲು. ದೊಡ್ಡಮ್ಮ ಅದನ್ನು ಹಿಂದಕ್ಕೆ ತಳ್ಳಿದರೆ ಎರಡನೆಯ ಸಲ ಕಳಿಸುವವಳಲ್ಲ ಅವಳು.

ದೊಡ್ಡಮ್ಮ ಕವರು ಬಿಚ್ಚಿದಳು. ತೂತನ್ನು ನೋಡಲಿಲ್ಲ. ತಾನು ಅವತ್ತು ಕತ್ತರಿಸಿದ ಅಂಚನ್ನು ಹುಡುಕಿ, ಅದನ್ನು ಮಡಚಿ ಅಮ್ಮ ಹಾಕಿದ್ದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಯಾರದಿದು?"

"ಗಿರಾಕಿಯವರದು."

"ಗಿರಾಕಿಗೆ ಹೊಲಿಗೆ ಬರಲ್ಲ. ಎಮ್ಮೆ ಗಾಯಕ್ಕೆ ಹೊಲಿಗೆ ಹಾಕಿದ ಹಾಗಿದೆ."

"ಹೇಳ್ತೀನಿ."

"ಹೇಳು. ಪೆಟ್ಟಿಗೇಲಿ ಮುಚ್ಚಿಟ್ರೆ ಹುಳ ತಿನ್ನದೆ ಇನ್ನೇನು ಮಾಡುತ್ತೆ ಅಂತಾನೂ ಹೇಳು." ಎಂದವಳು ಶಾಲನ್ನು ಮಡಚಿ, ಹಿಂದಕ್ಕೆ ಕೊಡದೆ, ತನ್ನ ಕುರ್ಚಿಯ ಬೆನ್ನಿಗೆ ಹಾಕಿದಳು. ನಾನು ಅಲ್ಲಿಂದ ಬೇಗ ಹೊರಟುಬಿಟ್ಟೆ, ಮನಸ್ಸು ಬದಲಾದೀತೆಂದು.

ಮನೆಯಲ್ಲಿ ಅಮ್ಮ "ಅಂಗಡಿಯವರು ಏನಂದ್ರು?" ಎಂದು ಕೇಳಿದಳು. ಎಮ್ಮೆಯ ವಿಷಯ ಬಿಟ್ಟು ಉಳಿದದ್ದನ್ನು ಹೇಳಿದೆ. ಅಂದಿನಿಂದ ಈ ಕಡೆ ಅಂಗಡಿಯವರು, ಆ ಕಡೆ ಗಿರಾಕಿ, ನಡುವೆ ನಾನು.

ದೊಡ್ಡಮ್ಮ ಅಂಗಡಿಯ ಕೆಲಸ ಮುಗಿದ ಮೇಲೆ, ಬೆಳಕು ಇರುವಷ್ಟು ಹೊತ್ತು ಅದಕ್ಕೆ ಕೂರುತ್ತಿದ್ದಳು. ಅಮ್ಮನ ಶಾಲಿನ ಅಂಚಿನಿಂದಲೇ ಎಳೆ ಬಿಡಿಸಬೇಕು. ಅದೂ ಸಿಕ್ಕಾಪಟ್ಟೆ ಬಿಡಿಸಿದರೆ ಅಂಚು ಸವೆಯುತ್ತದೆ, ಆದ್ದರಿಂದ ಲೆಕ್ಕ ಹಾಕಿ ಬೇಕಾದಷ್ಟೇ ಬಿಡಿಸುತ್ತಿದ್ದಳು. ಅವಳ ಪಾಲಿನ ಶಾಲು ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು.

"ನಿನ್ನದ್ರಿಂದ ನಾಲ್ಕು ಎಳೆ ತೆಗೆದ್ರೆ ಸುಲಭ ಆಗಲ್ವಾ? ಎರಡೂ ಒಂದೇ ಶಾಲು," ಎಂದೆ ಒಂದು ಮಧ್ಯಾಹ್ನ.

"ನನ್ನದ್ರಿಂದ ಒಂದು ಎಳೆನೂ ಹೋಗಲ್ಲ," ಎಂದಳು ತಲೆಯೆತ್ತದೆ. "ಕೆಲಸ ಬೇರೆ, ಮಾತು ಬೇರೆ. ಕೆಲಸ ಚೆನ್ನಾಗಿ ಮಾಡಿಕೊಡ್ತೀನಿ."

ನನಗೆ ಬೇಸರವಾಯಿತು. ತೂತು ಮುಚ್ಚಿ ಶಾಲು ವಾಪಸ್ಸು ಬರುತ್ತದೆ, ಎಲ್ಲಿತ್ತೆಂದು ಯಾರಿಗೂ ಗೊತ್ತಾಗದಷ್ಟು ಚೆನ್ನಾಗಿ. ಅದರ ಜೊತೆಗೆ ಜಗಳವೂ ಹಾಗೇ ಮಡಚಿ ವಾಪಸ್ಸು ಬರುತ್ತದೆ ಎಂದುಕೊಂಡೆ.

ಚಂದ್ರನ ಸಂಜೆ ಬಂತು. ನಾನು ಕೆಲಸ ಮುಗಿಸಿ ಶಾಲು ಒಯ್ಯಲು ಹೋದಾಗ ದೊಡ್ಡಮ್ಮ ಇನ್ನೂ ಕಿಟಕಿಗೆ ಅಂಟಿಕೊಂಡಿದ್ದಳು. ಅಂಗೈಯಷ್ಟು ಜಾಗದಲ್ಲಿ ಕೂದಲಿನಷ್ಟು ಸಂದು ಉಳಿದಿತ್ತು. ತನ್ನ ಅರ್ಧ ಶಾಲನ್ನು ಆಗಲೇ ಹೊದ್ದಿದ್ದಳು. ಹೆಗಲ ಮೇಲೆ ಕೊನೆಯ ಎಳೆ ಬಿದ್ದಿತ್ತು.

"ಒಂದೇ ಎಳೆ. ಆಯ್ತು, ಕೂತ್ಕೋ," ಎಂದಳು.

ಅಷ್ಟರಲ್ಲಿ ತಾರಸಿಯಿಂದ ಇಸ್ತ್ರಿಯವಳು ಕೂಗಿದಳು, "ಅಕ್ಕಾ, ಬೇಗ ಬನ್ನಿ, ಮೋಡ ಬರ್ತಿದೆ."

ದೊಡ್ಡಮ್ಮ ಸೂಜಿಯನ್ನು ಶಾಲಿಗೆ ಚುಚ್ಚಿಟ್ಟು ಎದ್ದಳು. ನಾನೂ ಹಿಂದೆ ಹತ್ತಿದೆ. ತಾರಸಿಯಲ್ಲಿ ಒಣಹಾಕಿದ ಹಾಸಿಗೆ ಬಟ್ಟೆಗಳ ಸಾಲು ದಾಟಿ ಪಡುವಣದ ಗೋಡೆಗೆ ಬಂದೆವು. ಎದುರು ಕಟ್ಟಡದ ನೀರಿನ ಟ್ಯಾಂಕಿಯ ಮೇಲೆ, ಮೋಡದ ಅಂಚಿಗೆ ತಾಗಿಕೊಂಡು ಚಂದ್ರನಿದ್ದ. ದೊಡ್ಡಮ್ಮ ಕೈಮುಗಿದಳು. ಬಲಗೈ ತಾನಾಗಿ ಎಡ ಹೆಗಲಿಗೆ ಹೋಯಿತು, ಬೆರಳಿಗೆ ಎಳೆ ಸಿಕ್ಕಿತು, ಊದಿದಳು. "ನೂಲು ನಿನಗೆ, ಬಟ್ಟೆ ನಮಗೆ." ನನ್ನತ್ತ ತಿರುಗಿ ನನ್ನ ಮುಖ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಇಳಿಯಿತು.

ಮತ್ತೆ ಹೆಗಲು ಮುಟ್ಟಿ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಹಾಗೆ.

"ಕಿತ್ತೆನಾ ನಾನು?" ಎಂದಳು. "ಕೀಳಲಿಲ್ಲ. ಸುಮ್ನೆ ಕೈಗೆ ಬಂತು. ಅದು ಅವಳದು."

ನಾವು ಮೂವರೂ ನೆಲ ಹುಡುಕಿದೆವು, ಬಟ್ಟೆಗಳ ಮಡಿಕೆ ಹುಡುಕಿದೆವು. ಸಂಜೆಗತ್ತಲಲ್ಲಿ, ಆ ಗಾಳಿಯಲ್ಲಿ, ಒಂದು ಉಣ್ಣೆ ಎಳೆ ಎಲ್ಲಿ ಸಿಗುತ್ತದೆ? ಸಿಗಲಿಲ್ಲ.

"ಹೋಗ್ಲಿ ಬಿಡು ದೊಡ್ಡಮ್ಮ," ಎಂದೆ ಕೆಳಗೆ ಬಂದ ಮೇಲೆ. "ಅಮ್ಮನ ಅಂಚಿಂದ ಇನ್ನೊಂದು ಬಿಡಿಸು. ಯಾರಿಗೆ ಗೊತ್ತಾಗುತ್ತೆ?"

"ಗೊತ್ತಾಗೋದು ಬೇರೆ, ಆ ಕೆಲಸ ಮಾಡೋದು ಬೇರೆ." ಕುರ್ಚಿಯಲ್ಲಿ ಕೂತಳು. "ಕದ್ದೆ ಅಂದ್ಳು ಅವಳು. ಕದ್ದಿರ್ಲಿಲ್ಲ, ಅದಕ್ಕೇ ಇಷ್ಟು ವರ್ಷ ತಲೆಯೆತ್ತಿ ಓಡಾಡ್ದೆ. ಇವತ್ತು ಅವಳ ಎಳೆ ತಗೊಂಡು ನನ್ನ ನೇಮ ಮಾಡ್ಕೊಂಡೆ. ಈಗ ಇನ್ನೊಂದೂ ಅವಳದ್ರಿಂದಲೇ ಕೀಳಲಾ?"

ಕಿಟಕಿಯ ಹೊರಗೆ ಬೆಳಕು ಹೋಗಿತ್ತು. ನಾಳೆ ಮಾಡಿದರಾಯಿತು ಎಂದು ಇಸ್ತ್ರಿಯವಳು ಹೇಳಿದಳು. ದೊಡ್ಡಮ್ಮ ಬಹಳ ಹೊತ್ತು ತನ್ನ ಮೈಮೇಲಿನ ಶಾಲಿನ ಅಂಚನ್ನು ಬೆರಳುಗಳ ನಡುವೆ ಉಜ್ಜುತ್ತ ಕೂತಳು. ಇಪ್ಪತ್ತು ವರ್ಷ ಕಾದಿಟ್ಟ ಮಾತು ಅದು, ಅವಳ ಕೈಯಲ್ಲೇ ಇತ್ತು. ಆಮೇಲೆ ಸೂಜಿಯ ತುದಿಯಿಂದ ಆ ಅಂಚನ್ನು ಸಡಿಲಿಸಿ, ಒಂದು ಎಳೆಯನ್ನು ಮೆಲ್ಲಗೆ, ತುಂಡಾಗದ ಹಾಗೆ, ಈ ತುದಿಯಿಂದ ಆ ತುದಿಯವರೆಗೆ ಎಳೆದಳು.

"ದೀಪ ಹಾಕು," ಎಂದಳು.

"ದೀಪದಲ್ಲಿ ಬಣ್ಣ ಗೊತ್ತಾಗಲ್ಲ ಅಂತಿದ್ದೆ."

"ಬಿಸಿಲಿಗೆ ಬಿಳಚಿದ ಎಳೆ ಇದು. ಯಾವ ಬೆಳಕಲ್ಲಿ ಹಾಕಿದ್ರೂ ಕಾಣೋದೇ. ಕಾಣ್ಲಿ."

ಮನೆಗೆ ಬಂದಾಗ ಅಮ್ಮ ಬರಿಯ ಸೆರಗನ್ನೇ ಹೊದ್ದು, ಅದರ ಎಳೆಯನ್ನೇ ಕೊಟ್ಟು ಚಂದ್ರನನ್ನು ನೋಡಿಯಾಗಿತ್ತು. ಆದರೆ ನನ್ನ ಮುಖ ನೋಡದೆ ಊಟವಿಲ್ಲವೆಂದು ತಟ್ಟೆ ಮುಚ್ಚಿಟ್ಟು ಕೂತಿದ್ದಳು. ನನ್ನನ್ನು ನೋಡಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಶಾಲನ್ನು ದೀಪದ ಕೆಳಗೆ ಹರಡಿದಳು. ತೂತಿದ್ದ ಜಾಗ ಹುಡುಕಿದಳು, ಸಿಗಲಿಲ್ಲ. ಮತ್ತೆ ಬೆರಳಾಡಿಸಿದಳು, ನಿಲ್ಲಿಸಿದಳು. ನೀಲಿಯ ನಡುವೆ ಒಂದು ಬಿಳಚಿದ ಗೆರೆ.

"ಇದು ಯಾವುದು?"

"ಅಂಗಡಿಯವರದು," ಎಂದೆ. ತಾರಸಿಯಲ್ಲಿ ನಡೆದದ್ದನ್ನು ಹೇಳಿದೆ.

ಅಮ್ಮ ಊಟ ಮಾಡಿದಳು, ಕೈ ತೊಳೆದಳು. ನಂತರ ಬಂದು ಮೇಜಿನ ಮೇಲೆ ಮೊಣಕೈ ಊರಿ, ಬೆರಳು ಚಾಚಿ, ತನ್ನ ಕೈಯನ್ನೇ ನೋಡುತ್ತ ಕೂತಳು.

"ಚಿಕ್ಕವರಿದ್ದಾಗ ಅವಳ ಸ್ವೆಟರೇ ನನಗೆ ಬರ್ತಿದ್ದಿದ್ದು. ಅವಳು ಕುಳ್ಳಿ, ನಾನು ಏಣಿ. ತೋಳು ಯಾವಾಗ್ಲೂ ನನಗೆ ಎರಡು ಬೆರಳು ಗಿಡ್ಡ." ಬೆರಳು ಮಡಚಿ ಮತ್ತೆ ಚಾಚಿದಳು. "ಅವಳು ತನ್ನ ಮೊಳ ಹಾಕಿದ್ಳು. ನಾನು ನನ್ನ ಮೊಳ ಹಾಕ್ದೆ. ಒಂದು ಮೊಳಕ್ಕೆ ಎರಡು ಬೆರಳಾದ್ರೆ ಎರಡು ಮೊಳಕ್ಕೆ ನಾಲ್ಕು."

"ಯಾವಾಗ ಗೊತ್ತಾಯ್ತು ಇದು?"

"ಅವತ್ತು ಬಸ್ಸಲ್ಲಿ ಬರುವಾಗಲೇ."

ನನಗೆ ಎಂಥ ಸಿಟ್ಟು ಬಂತೆಂದರೆ, ಶಾಲನ್ನು ಎರಡಲ್ಲ ನಾಲ್ಕು ಮಾಡಬೇಕೆನಿಸಿತು. "ಮತ್ತೆ ಇಳಿದು ಹೋಗಿ ಹೇಳ್ಬೇಕಾಗಿತ್ತು."

"ಅಷ್ಟು ಹೊತ್ತಿಗೆ ಅವಳು ಒಂದು ಎಳೆನೂ ಕೊಡಲ್ಲ ಅಂದಾಗಿತ್ತು. ನನಗೇನು ಮಾನ ಇರ್ಲಿಲ್ವಾ?" ಎಂದಳು ಅಮ್ಮ. ಆಮೇಲೆ ಆ ಬಿಳಚಿದ ಎಳೆಯ ಮೇಲೆ ಬೆರಳಿಟ್ಟು ಅತ್ತಳು. ದೊಡ್ಡಪ್ಪ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಸಿಟ್ಟು ಹೋಗಿ ನನಗೂ ಅಳು ಬಂತು.

ಮುಂದಿನ ಚಂದ್ರನ ಸಂಜೆ ಅಮ್ಮ ಶಾಲು ಹೊದ್ದು, ಒಂದು ದೊಡ್ಡ ಡಬ್ಬಿಯಲ್ಲಿ ಊಟ ತುಂಬಿ, ನನ್ನ ಹಿಂದೆ ನಡೆದು ಬಂದಳು. ಕೌಂಟರ್ ದಾಟಿ ಹಿಂದಿನ ಕೋಣೆಯ ಬಾಗಿಲಿಗೆ ಬಂದಾಗ ಅವಳ ಕಾಲು ನಿಂತುಹೋಯಿತು. ನಾನೇ ಒಳಗೆ ಹೋಗಿ, "ಗಿರಾಕಿ ಬಂದಿದ್ದಾರೆ," ಎಂದೆ.

ದೊಡ್ಡಮ್ಮ ಭೂತಗನ್ನಡಿ ಕೆಳಗಿಟ್ಟು ತಲೆಯೆತ್ತಿದಳು. ಏಳಲಿಲ್ಲ. ಅಮ್ಮ ಏನೋ ಹೇಳಲು ಬಾಯಿ ತೆರೆದಳು, ಬರಲಿಲ್ಲ. ಅಭ್ಯಾಸ ತಪ್ಪಿಹೋಗಿತ್ತು. ಸೀದಾ ಇಸ್ತ್ರಿ ಮೇಜಿನ ಹತ್ತಿರ ಹೋಗಿ ಅದರ ಮೇಲೆ ಮೊಣಕೈ ಊರಿ, ಬೆರಳು ಚಾಚಿದಳು.

"ನಿನ್ನ ಕೈ ಇಡು ಅಕ್ಕಾ ಇಲ್ಲಿ."

ದೊಡ್ಡಮ್ಮನಿಗೆ ಅರ್ಥವಾಗಲಿಲ್ಲ. ಆದರೂ ಎದ್ದು ಬಂದು ಪಕ್ಕದಲ್ಲಿ ತನ್ನ ಮೊಣಕೈ ಊರಿದಳು. ಎರಡು ಕೈಗಳು ಒಂದಕ್ಕೊಂದು ತಾಗಿ ಮೇಜಿನ ಮೇಲೆ ಮಲಗಿದವು. ಅಮ್ಮನ ನಡುಬೆರಳು ದೊಡ್ಡಮ್ಮನ ನಡುಬೆರಳನ್ನು ದಾಟಿ ಎರಡು ಬೆರಳಿನಷ್ಟು ಮುಂದೆ ಹೋಗಿತ್ತು. ಅಮ್ಮ ಅದನ್ನು ಬಲಗೈಯಿಂದ ಅಳೆದು ತೋರಿಸಿದಳು. "ಎರಡು," ಎಂದಳು. "ಇನ್ನೊಂದು ಮೊಳಕ್ಕೆ ಇನ್ನೆರಡು. ನೀನು ಸರಿಯಾಗೇ ಕತ್ತರಿಸಿದ್ದೆ. ನನಗೆ ಅವತ್ತೇ ಗೊತ್ತಾಗಿತ್ತು."

ಇಸ್ತ್ರಿಯವಳು ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟಳು. ದೊಡ್ಡಮ್ಮ ಆ ಎರಡು ಕೈಗಳನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಯುವ ಹಕ್ಕು ಅವಳಿಗೆ ಇತ್ತು.

"ಇಷ್ಟುದ್ದದ ಕೈ ಇಟ್ಕೊಂಡು," ಎಂದಳು ಕೊನೆಗೆ, "ನನ್ನ ತನಕ ಚಾಚೋಕೆ ಇಷ್ಟು ವರ್ಷ ಬೇಕಾಯ್ತಾ ನಿನಗೆ?"

ಚಂದ್ರ ಇಳಿಯುವ ಹೊತ್ತಾಗುತ್ತಿತ್ತು. ಎಲ್ಲರೂ ತಾರಸಿ ಹತ್ತಿದೆವು. ಒಂದೇ ಶಾಲಿನ ಎರಡು ತುಂಡುಗಳು ಗೋಡೆಯ ಪಕ್ಕ ನಿಂತವು, ಒಂದು ಬಿಳಚಿದ್ದು, ಒಂದು ನೀಲಿ. ಇಬ್ಬರೂ ಕೈಮುಗಿದರು, ಎಳೆ ಊದಿದರು. ಅಮ್ಮ ಇಷ್ಟು ವರ್ಷ ಚಂದ್ರನನ್ನು ನೋಡಿದ ಮೇಲೆ ನೋಡುತ್ತಿದ್ದದ್ದು ನನ್ನ ಮುಖವನ್ನು. ದೊಡ್ಡಮ್ಮ ಇಸ್ತ್ರಿಯವಳದನ್ನು. ನಾವಿಬ್ಬರೂ ಅಭ್ಯಾಸದಂತೆ ಮುಖ ಮುಂದೆ ಮಾಡಿ ನಿಂತಿದ್ದೆವು. ಯಾರೂ ನಮ್ಮತ್ತ ತಿರುಗಲಿಲ್ಲ. ಸ್ವಲ್ಪ ಹೊತ್ತು ಕಾದು, ತಟ್ಟೆ ಹಾಕಲು ನಾನು ಕೆಳಗಿಳಿದೆ.